ಸಿಸ್ಟರ್‌ಗಳ ಕನ್ನಡ ಮೀಡಿಯಂ ಶಾಲೆ ಮುಗಿಸಿ ಪಿಯು ಸೈನ್ಸ್ ಸೇರಿದವರು ಯಾರಾದ್ರೂ ಇದ್ದೀರಾ?

ಬೆಳ್ತಂಗಡಿ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಏಳನೇ ಕ್ಲಾಸಿನವರೆಗೆ ನಾನು ಊರಿನ ಸರಕಾರಿ ಶಾಲೆಯಲ್ಲಿ ಓದಿದ್ದು. ಎಂಟರಿಂದ ಹತ್ತು ಇಗರ್ಜಿ (ಚರ್ಚ್) ಪಕ್ಕದ ಹೈಸ್ಕೂಲು. ಸಿಸ್ಟರ್‌ಗಳು ನಡೆಸುವ ಶಾಲೆ, ಅನುದಾನಿತ, ಕನ್ನಡ ಮೀಡಿಯಂ. ಕೊನೆಯ ಎರಡು ಪದವನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ಅದನ್ನು ಎಲ್ಲರಿಗೂ ಹೇಳಿ ಹೇಳಿ ನನಗೆ ಸಾಕಾಗಿದೆ.

ಈಗ ಮಂಗಳೂರಿನಲ್ಲಿ ಫಸ್ಟ್ ಪಿಯು, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ). ಹಾಸ್ಟೆಲ್‌ನಲ್ಲಿದ್ದೇನೆ. ರೂಮಿನ ಹುಡುಗಿಯರು ಮೊದಲ ದಿನ ಶಾಲೆಯ ಹೆಸರು ಕೇಳಿದರು. ಹೆಸರಿನಲ್ಲಿ 'ಸೇಂಟ್' ಇದೆ. ಅಷ್ಟಕ್ಕೇ ಇಂಗ್ಲಿಷ್ ಶುರು ಮಾಡಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. "ಕಾನ್ವೆಂಟಲ್ವಾ ನಿಂದು?" ಅಂತ ಒಬ್ಬಳು ನನ್ನ ಮುಖ ನೋಡಿದಳು. ನಾನೇನೋ ಸುಳ್ಳು ಸರ್ಟಿಫಿಕೇಟ್ ತಂದ ಹಾಗೆ.

ಊರಿಗೆ ಹೋದರೆ ಬೇರೆ ಥರ. ಮಾವನ ಮಗಳ ಮದುವೆಯಲ್ಲಿ ಅತ್ತೆಯೊಬ್ಬರು ಊಟದ ಸಾಲಿನಲ್ಲೇ ಕೇಳಿದರು, "ಅಲ್ಲಿ ಪ್ರಾರ್ಥನೆ ಎಲ್ಲ ಮಾಡಿಸ್ತಿದ್ರಂತಲ್ಲ, ಈಗ ಏನು ಮಾಡ್ತಿ?" ಎಂತ ಹೇಳುವುದು? ಬೆಳಿಗ್ಗೆ ಅಸೆಂಬ್ಲಿಯಲ್ಲಿ ಒಂದು ಪ್ರಾರ್ಥನೆ ಇತ್ತು, ನಾಡಗೀತೆ ಇತ್ತು, ಪೇಪರ್ ಓದುವುದಿತ್ತು. ಕಥೋಲಿಕ ಮಕ್ಕಳು ಬೇರೆ ರೂಮಿಗೆ ಹೋದಾಗ ನಮಗೆ ನೀತಿ ಪಾಠ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಹೂ ತೆಗೆದುಕೊಂಡು ಹೋದರೆ ಕಬ್ಬು ಕೊಡುತ್ತಿದ್ದರು. ನಾನಂತೂ ಕಬ್ಬಿಗಾಗಿಯೇ ಹೋಗುತ್ತಿದ್ದೆ. ಇದನ್ನೇ ಹೇಳಿದೆ. ಅತ್ತೆಗೆ ಸಮಾಧಾನ ಆಗಲಿಲ್ಲ.

ಇದೆಲ್ಲ ಹೇಗೋ ಆಗುತ್ತದೆ. ನಿಜವಾದ ಕಷ್ಟ ಕ್ಲಾಸಿನದ್ದು. ಹತ್ತರಲ್ಲಿ ವಿಜ್ಞಾನದಲ್ಲಿ ಒಳ್ಳೆ ಮಾರ್ಕ್ಸ್ ಇತ್ತು. ಇಲ್ಲಿ ಮೊದಲ ಟೆಸ್ಟ್‌ನಲ್ಲಿ ಫಿಸಿಕ್ಸ್ ಫೇಲು. ಸರ್ ಬೋರ್ಡಿನ ಮೇಲೆ ಬರೆಯುವ ಲೆಕ್ಕ ಅರ್ಥ ಆಗುತ್ತದೆ. ಮಧ್ಯದಲ್ಲಿ ಅವರು ಹೇಳುವ ಮಾತು ಹಿಡಿಯುವಷ್ಟರಲ್ಲಿ ಬೋರ್ಡ್ ಒರೆಸಿ ಆಗಿರುತ್ತದೆ. ನಮ್ಮ ಹೈಸ್ಕೂಲಿನಲ್ಲಿ ಒಂದು ದಿನ ನಾನು ಬರದಿದ್ದರೆ ಸಿಸ್ಟರ್ ಸಂಜೆಯೊಳಗೆ ಯಾರ ಹತ್ತಿರವಾದರೂ ಹೇಳಿ ಕಳಿಸುತ್ತಿದ್ದರು. ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ.

ಅಮ್ಮ ಬೀಡಿ ಕಟ್ಟುತ್ತಾರೆ, ಅಪ್ಪ ತೋಟದ ಕೆಲಸಕ್ಕೆ ಹೋಗುತ್ತಾರೆ. ಹಾಸ್ಟೆಲ್ ಫೀಸ್ ಕಟ್ಟಿಯಾಗಿದೆ. ಕಾಮರ್ಸ್‌ಗೆ ಬದಲಾಯಿಸಿಕೊಳ್ಳಲಾ, ಇಲ್ಲೇ ಇರಲಾ? ಇಂಥ ಶಾಲೆಯಿಂದ ಬಂದವರು ಮುಂದೆ ಏನು ಮಾಡಿದಿರಿ ಅಂತ ಹೇಳಿದರೆ ಉಪಕಾರ. "ಧೈರ್ಯವಾಗಿರು" ಅಂತ ಮಾತ್ರ ಬರೆಯಬೇಡಿ ಪ್ಲೀಸ್, ಅದನ್ನು ವಾರ್ಡನ್ ದಿನಾ ಹೇಳುತ್ತಾರೆ.

ಕಾರ್ಕಳದ ನರ್ಸಕ್ಕ:

ತಂಗೀ, ನಾನೂ ಅಂಥದ್ದೇ ಶಾಲೆ. ಕಾರ್ಕಳ ಕಡೆ. ನಿಮ್ಮದಕ್ಕೂ ನಮ್ಮದಕ್ಕೂ ಒಂದೇ ವ್ಯತ್ಯಾಸ, ನಮಗೆ ಮೊಂತಿ ಹಬ್ಬದಲ್ಲಿ ಕಬ್ಬಿನ ತುದಿಯ ತುಂಡೇ ಸಿಗುತ್ತಿತ್ತು. ಬುಡದ್ದೆಲ್ಲ ಗಂಡು ಹುಡುಗರು ಮೊದಲೇ ಹೊಡೆದುಕೊಂಡಿರುತ್ತಿದ್ದರು. ಆಮೇಲೆ ಪಿಯು ಸೈನ್ಸ್, ಬಿಎಸ್ಸಿ ನರ್ಸಿಂಗ್, ಈಗ ಮಸ್ಕತ್‌ನಲ್ಲಿ ಆಸ್ಪತ್ರೆ ಕೆಲಸ. ನೈಟ್ ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಭಾಷೆಯ ವಿಷಯ ಬೇರೆಯವರು ಹೇಳಿಯಾರು. ನಾನು ಇನ್ನೊಂದು ಹೇಳುತ್ತೇನೆ. ನೀನು ಬರೆದಿದ್ದೀಯಲ್ಲ, ಒಂದು ದಿನ ಬರದಿದ್ದರೆ ಸಿಸ್ಟರ್ ಹೇಳಿ ಕಳಿಸುತ್ತಿದ್ದರು ಅಂತ. ನನ್ನ ಪ್ರಕಾರ ನಿನ್ನ ಕಷ್ಟದ ಅರ್ಧ ಅಲ್ಲಿದೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಕೇಳುವ ಮೊದಲೇ ಸಿಸ್ಟರ್ ನೋಡುತ್ತಿದ್ದರು. ಹೊಟ್ಟೆನೋವು ಬಂದರೆ ಮುಖ ನೋಡಿ ಕಂಡುಹಿಡಿಯುತ್ತಿದ್ದರು. ಲೆಕ್ಕ ತಿಳಿಯದಿದ್ದರೆ ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಕೂರಿಸಿ ಮಾಡಿಸುತ್ತಿದ್ದರು. ನೀರು ಕುಡಿಯಲು ಪರ್ಮಿಷನ್, ಎದ್ದು ನಿಲ್ಲಲು ಪರ್ಮಿಷನ್. ಹಾಗೆ ಬೆಳೆದ ಮೇಲೆ ಎಂಬತ್ತು ಮಕ್ಕಳ ಕ್ಲಾಸಿನಲ್ಲಿ ಕೂತು ಯಾರಾದರೂ ನನ್ನ ಮುಖ ನೋಡಿಯಾರು ಅಂತ ಕಾಯುತ್ತೇವೆ. ಯಾರೂ ನೋಡುವುದಿಲ್ಲ. ಲೆಕ್ಚರರ್ ಕೆಟ್ಟವರು ಅಂತಲ್ಲ, ಅವರಿಗೆ ಮುಂದಿನ ಪೀರಿಯಡ್ ಉಂಟು.

ನನಗೆ ದಾರಿ ತೋರಿಸಿದ್ದು ಲೆಕ್ಚರರ್ ಅಲ್ಲ, ರೂಮ್‌ಮೇಟ್. ಬೆಂಗಳೂರಿನ ಸಿಬಿಎಸ್‌ಇ ಹುಡುಗಿ. ಪಟಪಟ ಇಂಗ್ಲಿಷ್. ಆದರೆ ಪಿಯುನಲ್ಲಿ ಕನ್ನಡ ತೆಗೆದುಕೊಂಡು ಸಿಕ್ಕಿಹಾಕಿಕೊಂಡಿದ್ದಳು. ಹಳಗನ್ನಡ ಪದ್ಯ ಬಂದ ದಿನ ಪುಸ್ತಕ ಹಿಡಿದುಕೊಂಡು ನನ್ನ ಮಂಚಕ್ಕೆ ಬಂದು ಕೂತಳು. ಅಲ್ಲಿಂದ ಒಪ್ಪಂದ ಆಯಿತು. ನಾನು ಅವಳಿಗೆ ಕನ್ನಡ, ಅವಳು ನನಗೆ ಫಿಸಿಕ್ಸ್. ಫಿಸಿಕ್ಸ್‌ನಲ್ಲಿ ಅವಳೇನೂ ಮಹಾ ಬುದ್ಧಿವಂತೆ ಅಲ್ಲ. ಆದರೆ ಸರ್ ಹೇಳಿದ್ದನ್ನು ನಿಧಾನವಾಗಿ ಇನ್ನೊಮ್ಮೆ ಹೇಳುತ್ತಿದ್ದಳು. ನನಗೆ ಬೇಕಾಗಿದ್ದು ಅಷ್ಟೇ. ನಿನ್ನ ಹಾಸ್ಟೆಲ್‌ನಲ್ಲೂ ಕನ್ನಡಕ್ಕೆ ಹೆದರುವವಳು ಒಬ್ಬಳಾದರೂ ಇರುತ್ತಾಳೆ. ಹುಡುಕು. ಆ 'ಕಾನ್ವೆಂಟಲ್ವಾ' ಅಂದವಳೇ ಆಗಿದ್ದರೆ ಇನ್ನೂ ಒಳ್ಳೆಯದು!

ಶಾಲೆಯಿಂದ ನನ್ನ ಜೊತೆ ಬಂದದ್ದೇನು ಅಂದರೆ, ಮೊದಲನೆಯದು ಕೈಬರಹ ಮತ್ತು ಚಿತ್ರ. ನಮ್ಮ ವಿಜ್ಞಾನದ ಸಿಸ್ಟರ್ ಹೃದಯದ ಚಿತ್ರವನ್ನು ಸ್ಕೇಲ್ ಇಟ್ಟು ಭಾಗ ಗುರುತಿಸಿ ಬರೆಸುತ್ತಿದ್ದರು. ಗೆರೆ ಸೊಟ್ಟಗಾದರೆ ಇನ್ನೊಂದು ಹಾಳೆ. ಆಗ ಅಳು ಬರುತ್ತಿತ್ತು. ಬಯಾಲಜಿ ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವಾಗ, ಆಮೇಲೆ ನರ್ಸಿಂಗ್ ಅನಾಟಮಿಯಲ್ಲಿ, ಆ ಅಭ್ಯಾಸ ನನ್ನನ್ನು ದಡ ಹತ್ತಿಸಿತು. ಇನ್ನೊಂದು ಹೊತ್ತಿಗೆ ಸರಿಯಾಗಿ ಬರುವುದು. ಊರಿನಲ್ಲಿ ಒಬ್ಬರು ನನ್ನ ಅಮ್ಮನನ್ನೂ ನಿನ್ನ ಅತ್ತೆಯ ಹಾಗೆ ಕೇಳಿದ್ದರು, ಸಿಸ್ಟರ್‌ಗಳು ಮಗಳನ್ನು ಬದಲಾಯಿಸಿಬಿಟ್ಟರಾ ಅಂತ. "ಹೌದು ಮಾರಾಯ್ರೆ, ಬೆಳಿಗ್ಗೆ ಐದಕ್ಕೆ ಏಳ್ತಾಳೆ" ಅಂದರು ಅಮ್ಮ. ಆ ಮೇಲೆ ಅವರು ಕೇಳಲಿಲ್ಲ.

ಶಾಲೆಯಲ್ಲಿ ಎಲ್ಲವೂ ಚಂದ ಇತ್ತು ಅಂತ ಹೇಳುವುದಿಲ್ಲ. ಹುಡುಗರ ಹತ್ತಿರ ಮಾತಾಡಿದರೆ ಮನೆಯವರನ್ನು ಕರೆಸುತ್ತಿದ್ದರು. ಒಂದೇ ಕ್ಲಾಸ್, ಎರಡು ಸಾಲು, ಮಧ್ಯದಲ್ಲಿ ಗಡಿ. ಪಿಯು ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಾರ್ಟ್ನರ್ ಆಗಿ ಒಬ್ಬ ಹುಡುಗ ಬಂದ. ಬ್ಯುರೆಟ್ ಹಿಡಿ ಅಂತ ಅವನಿಗೆ ಹೇಳಲೂ ನನ್ನ ಬಾಯಿ ಬರಲಿಲ್ಲ. ನಾನೇ ಒಂದು ಕೈಯಲ್ಲಿ ಬ್ಯುರೆಟ್, ಒಂದು ಕೈಯಲ್ಲಿ ಫ್ಲಾಸ್ಕ್. ಅವನು ಪಾಪ ಕಿಟಕಿ ನೋಡುತ್ತಾ ನಿಂತಿದ್ದ. ಇವತ್ತಿಗೂ ಡಾಕ್ಟರ ರೂಮಿನ ಬಾಗಿಲಲ್ಲಿ ನಿಂತು "ಮೇ ಐ ಕಮ್ ಇನ್" ಅನ್ನದೆ ನನಗೆ ಒಳಗೆ ಹೋಗಲು ಆಗುವುದಿಲ್ಲ. ಬಾಗಿಲು ತೆರೆದೇ ಇದ್ದರೂ. ಇಲ್ಲಿಯ ಫಿಲಿಪಿನೋ ನರ್ಸ್‌ಗಳು ಅದನ್ನು ಅಣಕಿಸಿ ನಗುತ್ತಾರೆ.

ಕಾಮರ್ಸ್ ಇಷ್ಟ ಇದ್ದರೆ ಹೋಗು, ಅದರಲ್ಲೇನು ಕಡಿಮೆ? ಸೈನ್ಸಿಗೆ ಹೆದರಿ ಹೋಗುವುದಾದರೆ ಮಾತ್ರ ದಸರಾ ರಜೆಯವರೆಗೆ ತಡಿ. ಮತ್ತೊಂದು ವಿಷಯ. ಬಿಎಸ್ಸಿ ನರ್ಸಿಂಗ್‌ಗೆ ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು. ಕಾಮರ್ಸ್‌ಗೆ ಹೋದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಮನೆಯ ಪರಿಸ್ಥಿತಿ ಹೇಳಿದೆಯಲ್ಲ, ಅದಕ್ಕೆ ಹೇಳುತ್ತಿದ್ದೇನೆ. ನಾಲ್ಕು ವರ್ಷದ ಕೋರ್ಸ್, ಓದು ಮುಗಿದ ಮೇಲೆ ಕೆಲಸಕ್ಕೆ ತುಂಬಾ ಅಲೆಯಬೇಕಾಗಿ ಬರುವುದಿಲ್ಲ. ಗಲ್ಫ್‌ಗೆ ಬರಲು ಅನುಭವ ಬೇಕು, ಇನ್ನೊಂದು ಪರೀಕ್ಷೆಯೂ ಇದೆ, ಅದೆಲ್ಲ ಆಮೇಲಿನ ಮಾತು.

ಪಿಯು ಮೇಷ್ಟ್ರು, ಧಾರವಾಡ:

ನರ್ಸಕ್ಕನವರು ಚೆನ್ನಾಗಿ ಹೇಳಿದ್ದಾರೆ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು, ಹಾಗಾಗಿ ಬರೀ ಕೆಲಸದ ಮಾತು.

ಕರ್ನಾಟಕದಲ್ಲಿ ಹತ್ತನೇ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳು ಈಗ ಎನ್‌ಸಿಇಆರ್‌ಟಿ (ಕೇಂದ್ರದ ಸಂಸ್ಥೆ) ಪುಸ್ತಕಗಳೇ. ನೀವು ಕನ್ನಡದಲ್ಲಿ ಓದಿದ್ದು ಅದರ ಕನ್ನಡ ರೂಪ. ಪಿಯು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯೂ ಎನ್‌ಸಿಇಆರ್‌ಟಿ. ಅಂದರೆ ನಿಮ್ಮ ಹತ್ತನೇ ಕ್ಲಾಸಿನ ಪುಸ್ತಕದ ಇಂಗ್ಲಿಷ್ ಪ್ರತಿ ಇದೆ, ಅದೇ ಪಾಠ, ಅದೇ ಚಿತ್ರ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ. ಪಿಯು ಪುಸ್ತಕದ ಜೊತೆ ಗುದ್ದಾಡುವ ಮೊದಲು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ. ವಿದ್ಯುತ್, ಬೆಳಕು, ಆಮ್ಲ-ಪ್ರತ್ಯಾಮ್ಲ, ಇಷ್ಟು ಸಾಕು. ಗೊತ್ತಿರುವ ವಿಷಯವನ್ನು ಇಂಗ್ಲಿಷಿನಲ್ಲಿ ಓದುವುದು ಬೇರೆ, ಗೊತ್ತಿಲ್ಲದ್ದನ್ನು ಇಂಗ್ಲಿಷಿನಲ್ಲಿ ಓದುವುದು ಬೇರೆ. ನನ್ನ ಕ್ಲಾಸಿನ ಹಳ್ಳಿ ಹುಡುಗರಿಗೆ ಜೂನ್ ತಿಂಗಳಲ್ಲೇ ಈ ಕೆಲಸ ಹಚ್ಚುತ್ತೇನೆ. ಕೋಚಿಂಗ್‌ನವರು ಇದನ್ನು ಹೇಳುವುದಿಲ್ಲ, ಹೇಳಿದರೆ ಅವರ ಬ್ರಿಡ್ಜ್ ಕೋರ್ಸ್ ಯಾರು ಸೇರ್ತಾರೆ?

ಪಿಯು ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದು. ನೀಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಪ್ರಶ್ನೆಪತ್ರಿಕೆಯೂ 2017ರಿಂದ ಕನ್ನಡದಲ್ಲಿ ಸಿಗುತ್ತದೆ. ಹಾಗಂತ ಪೂರ್ತಿ ಕನ್ನಡಕ್ಕೆ ನಿಲ್ಲಿ ಅಂತ ನಾನು ಹೇಳುವುದಿಲ್ಲ. ಮುಂದಿನ ಸೈನ್ಸ್ ಕೋರ್ಸ್‌ಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಆದರೆ ಟೆಸ್ಟ್‌ನಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ಬರಲಿಲ್ಲ ಅಂತ ಖಾಲಿ ಬಿಡಬೇಡಿ.

ಇನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ ಅನ್ನಿಸುವ ಮಾತು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ (ವೃತ್ತಿ ಕೋರ್ಸ್‌ಗಳ ರಾಜ್ಯ ಪ್ರವೇಶ ಪರೀಕ್ಷೆ) ಸೀಟುಗಳಲ್ಲಿ ಶೇ. 5 ಮೀಸಲು. ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಹತ್ತು ಓದಿದವರಿಗೆ ಶೇ. 15. ಶಾಲೆ ಸರಕಾರದ್ದೋ ಚರ್ಚಿನದ್ದೋ ಅನ್ನುವುದು ಲೆಕ್ಕಕ್ಕಿಲ್ಲ. ನಿಮ್ಮ ರೂಮಿನ ಹುಡುಗಿಯರಿಗೆ ಕನ್ನಡ ಮಾಧ್ಯಮದ ಮೀಸಲು ಇಲ್ಲ, ನಿಮಗಿದೆ. ಎರಡೂ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು.

ಮಿಷನ್ ಶಾಲೆಗೆ ಕನ್ನಡ ಎಲ್ಲಿಂದ ಬಂತು ಅನ್ನುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ, ವಿಷಯ ಬಿಟ್ಟು ಹೋದರೂ ಚಿಂತೆಯಿಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಮೊಗ್ಲಿಂಗ್ ಹೊರಡಿಸಿದ್ದು. ಕಿಟೆಲ್ ನಿಘಂಟು 1894ರದ್ದು. ಇವರೆಲ್ಲ ಕನ್ನಡ ಕಲಿತು ಕನ್ನಡದಲ್ಲೇ ಕೆಲಸ ಮಾಡಿದವರು. 'ಕಾನ್ವೆಂಟ್ ಅಂದರೆ ಇಂಗ್ಲಿಷ್' ಅನ್ನುವ ಲೆಕ್ಕ ಇವರಿಗೆ ಗೊತ್ತಿರಲಿಲ್ಲ.

ನಿಮ್ಮ ಅತ್ತೆಯವರಿಗೆ ಸಂವಿಧಾನದ 28ನೇ ವಿಧಿ ಹೇಳಿ. ಸರಕಾರದ ಅನುದಾನ ಪಡೆಯುವ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಮದುವೆ ಊಟದಲ್ಲಿ ಹೇಳಬೇಡಿ, ಪಾಯಸ ಆರಿ ಹೋಗುತ್ತದೆ.

ಬಜಪೆ ಹುಡುಗ:

ನಾನು ಆ 'ಬೇರೆ ರೂಮಿಗೆ' ಹೋಗುತ್ತಿದ್ದವರಲ್ಲಿ ಒಬ್ಬ 😄

ನಿಮಗೆ ಹತ್ತನೇ ಕ್ಲಾಸ್ ಮುಗಿದರೆ ಶಾಲೆ ಮುಗಿಯಿತು. ನಮಗೆ ಅದು ಮುಗಿಯುವುದೇ ಇಲ್ಲ. ಅದೇ ಫಾದರ್ ಭಾನುವಾರ ಪೂಜೆ ಆದ ಮೇಲೆ ಮೆಟ್ಟಿಲಲ್ಲಿ ನಿಂತು ಮಾರ್ಕ್ಸ್ ಕೇಳುತ್ತಾರೆ. ಅದೇ ಸಿಸ್ಟರ್ ಅಮ್ಮನ ಹತ್ತಿರ ಮಾತಾಡುತ್ತಾರೆ. ಶಾಲೆಯಲ್ಲಿ ಕಥೋಲಿಕ ವಿದ್ಯಾರ್ಥಿಗಳ ಸಂಘ ವೈಸಿಎಸ್ ಇತ್ತು, ಹೊರಗೆ ಬಂದರೆ ಯುವಕರ ಸಂಘ ಐಸಿವೈಎಂ ಕಾಯುತ್ತಿರುತ್ತದೆ. ನಾಟಕ, ಕ್ರಿಕೆಟ್, ಹಬ್ಬಕ್ಕೆ ಪೆಂಡಾಲು. ಫೇಲಾದರೆ ಇಡೀ ವಾಳೆಗೆ (ಇಗರ್ಜಿಯ ವಾರ್ಡಿಗೆ) ಸುದ್ದಿ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಆದ ಮೇಲೆ ನಮ್ಮನ್ನು ದೈವಕರೆಯ ಕ್ಯಾಂಪಿಗೆ ಕಳಿಸಿದರು. ಪಾದ್ರಿ ಆಗುವ ಮನಸ್ಸು ಇದೆಯಾ ಅಂತ ನೋಡುವುದಕ್ಕೆ. ಊಟ ಭರ್ಜರಿ, ದಿನಾ ಸಂಜೆ ಫುಟ್‌ಬಾಲ್. ನನಗೆ ಮನಸ್ಸು ಇದ್ದದ್ದು ಫುಟ್‌ಬಾಲಿನ ಮೇಲೆ. ನನ್ನ ಬೆಂಚಿನ ಗೆಳೆಯ ನಿಜವಾಗಿ ಸೇರಿದ. ಹತ್ತರ ಮೇಲೆ ಇನ್ನೂ ಹತ್ತು ವರ್ಷಕ್ಕಿಂತ ಜಾಸ್ತಿ ಓದಬೇಕು ಅದಕ್ಕೆ, ಪಿಯು, ಡಿಗ್ರಿ, ತತ್ವಶಾಸ್ತ್ರ, ದೇವಶಾಸ್ತ್ರ. ಅವನು ಮೊದಲು ಒಂದು ಇಂಗ್ಲಿಷ್ ವಾಕ್ಯ ಸರಿಯಾಗಿ ಹೇಳಲು ಬೆವರುತ್ತಿದ್ದ. ಈಗ ಅವನ ಪ್ರಸಂಗ (ಪ್ರವಚನ) ಮುಗಿಯುವುದೇ ಇಲ್ಲ, ಯಾವ ಭಾಷೆಯಲ್ಲೂ.

ನಾನು ಡಿಪ್ಲೊಮಾ ಮೆಕ್ಯಾನಿಕಲ್ ಮಾಡಿ ಬೈಕಂಪಾಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಇಂಗ್ಲಿಷ್ ಕಷ್ಟ ನನಗೂ ಆಯಿತು. ಕೊಂಕಣಿ ಮನೆ, ತುಳು ಬೀದಿ, ಕನ್ನಡ ಶಾಲೆ, ಇದರ ಮೇಲೆ ನಾಲ್ಕನೆಯದ್ದು. ನಿಮ್ಮದೂ ತುಳು ಮನೆಯೇ ಇರಬೇಕಲ್ಲ? ಹಾಗಾದರೆ ನೀವು ಒಂದನೇ ಕ್ಲಾಸಿನಲ್ಲೇ ಒಂದು ಸಲ ಭಾಷೆ ಬದಲಾಯಿಸಿದ್ದೀರಿ. ಆಗ ಯಾರೂ ನಿಮಗೆ ಕಾಮರ್ಸ್ ತಗೋ ಅನ್ನಲಿಲ್ಲ.

ಜಯನಗರದಿಂದ:

ಇಲ್ಲಿ ಎಲ್ಲರೂ ಸಿಸ್ಟರ್‌ಗಳನ್ನು ಹೊಗಳುತ್ತಿರುವುದು ನೋಡಿ ಸ್ವಲ್ಪ ಹೊಟ್ಟೆಕಿಚ್ಚು. ನಾನು ಓದಿದ್ದು ಬೆಂಗಳೂರಿನ ಇಂಗ್ಲಿಷ್ ಕಾನ್ವೆಂಟಿನಲ್ಲಿ. ಆಟದ ಮೈದಾನದಲ್ಲಿ ಕನ್ನಡ ಬಾಯಿಂದ ಬಂದರೆ ಫೈನ್. ಆ ದುಡ್ಡು ಎಲ್ಲಿ ಹೋಗುತ್ತಿತ್ತು ಅಂತ ಯಾರಿಗೂ ಗೊತ್ತಾಗಲಿಲ್ಲ. ಈಗ ಕೆಎಎಸ್‌ಗೆ ಓದುತ್ತಿದ್ದೇನೆ. ಮುಖ್ಯ ಪರೀಕ್ಷೆಯಲ್ಲಿ ಕಡ್ಡಾಯ ಕನ್ನಡ ಪತ್ರಿಕೆ ಪಾಸಾಗದಿದ್ದರೆ ಉಳಿದದ್ದು ನೋಡುವುದೇ ಇಲ್ಲ. ಪ್ರಬಂಧ ಬರೆಯಲು ಕೂತರೆ ಒತ್ತಕ್ಷರ ತಪ್ಪುತ್ತದೆ, ನನ್ನ ತಂಗಿ ನಗುತ್ತಾಳೆ. ಅವಳು ಸರಕಾರಿ ಶಾಲೆ.

ಬೆಳ್ತಂಗಡಿಯವರೇ, ಕಾಮರ್ಸ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ ಪಿಯುನಲ್ಲಿ ಮಾರ್ಕ್ಸ್ ಬರುತ್ತದೆ ಅಂತ ಕನ್ನಡ ಬಿಟ್ಟು ಸಂಸ್ಕೃತ ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಬೆಳ್ತಂಗಡಿ ಹುಡುಗಿ:

ಇಷ್ಟೆಲ್ಲ ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಕನ್ನಡ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನರ್ಸಕ್ಕ, ನೀವು ಹೇಳಿದ ಹಾಗೆ ಹುಡುಕಿದೆ. 'ಕಾನ್ವೆಂಟಲ್ವಾ' ಅಂದವಳಲ್ಲ, ಅವಳ ಮೇಲಿನ ಮಂಚದವಳು. ಹುಬ್ಬಳ್ಳಿಯವಳು. ಕನ್ನಡ ಮಾತಾಡುತ್ತಾಳೆ, ಬರೆಯಲು ಮಾತ್ರ ಕೈ ನಡುಗುತ್ತದೆ. ನಿನ್ನೆ ರಾತ್ರಿ ಅವಳ ಒಂದು ಪಾಠ, ನನ್ನ ಒಂದು ಪಾಠ ಆಯಿತು. ಅವಳ ಕನ್ನಡ ಅರ್ಥ ಮಾಡಿಕೊಳ್ಳಲೇ ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಅದು ಬೇರೆ.

ಬಜಪೆ ಅಣ್ಣ, ಹೌದು, ತುಳು ಮನೆಯೇ.

ಮೇಷ್ಟ್ರೇ, ಮೀಸಲಾತಿ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಒಂದು ಸಂಶಯ. ನಾನು ಏಳರವರೆಗೆ ಓದಿದ ಶಾಲೆಗೆ ಈಗ ಮಕ್ಕಳೇ ಕಡಿಮೆ, ಮುಚ್ಚುತ್ತದೆ ಅಂತ ಊರಲ್ಲಿ ಮಾತು. ಮುಚ್ಚಿದರೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ? ಮತ್ತೆ ಈಗಲೇ ಮಾಡಿಸಿಡಬಹುದಾ, ಸೆಕೆಂಡ್ ಪಿಯು ಆಗಬೇಕಾ?

ಪಿಯು ಮೇಷ್ಟ್ರು, ಧಾರವಾಡ:

ಈಗಲೇ ಮಾಡಿಸಿ. ದಸರಾ ರಜೆಗೆ ಊರಿಗೆ ಹೋಗುವ ಮುನ್ನ ಅಪ್ಪನ ಕೈಲಿ ಶಾಲೆಗೆ ಹೇಳಿಸಿಡಿ. ಹೆಡ್‌ಮಾಸ್ಟರ್ ಹತ್ತಿರ ದಾಖಲಾತಿ ರಿಜಿಸ್ಟರ್ ಇರುವಾಗ ಒಂದೇ ದಿನದ ಕೆಲಸ. ಮುಚ್ಚಿದ ಮೇಲೆ ಕಾಗದ ಎಲ್ಲಿ ಹೋಗಿದೆ ಅಂತ ಬಿಇಒ ಆಫೀಸಿನಲ್ಲಿ ವಿಚಾರಿಸುತ್ತಾ ತಿರುಗಬೇಕು. ಯಾವ ತರಗತಿಯಿಂದ ಯಾವ ತರಗತಿವರೆಗೆ, ಯಾವ ವರ್ಷ, ಕನ್ನಡ ಮಾಧ್ಯಮ, ಗ್ರಾಮೀಣ ಅಂತ ಎಲ್ಲ ಬರೆದಿದೆಯಾ ನೋಡಿಕೊಳ್ಳಿ. ನಿಮ್ಮ ಹೆಸರಿನ ಕಾಗುಣಿತ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೇ ಇರಬೇಕು, ಇನಿಶಿಯಲ್ ಸಮೇತ. ಸಿಇಟಿ ಅರ್ಜಿ ಹಾಕುವ ವರ್ಷ ನಮೂನೆ ಬದಲಾಗಿದೆಯಾ ಅಂತ ಒಮ್ಮೆ ನೋಡಿ, ಬದಲಾಗಿದ್ದರೆ ಇದನ್ನೇ ತೋರಿಸಿ ಹೊಸದು ಬರೆಸಿಕೊಳ್ಳುವುದು ಸುಲಭ. ನಾಲ್ಕು ಜೆರಾಕ್ಸ್ ಇಟ್ಟುಕೊಳ್ಳಿ.